ಗಾಳಿಗೆ ತೆರೆದುಕೊಳ್ಳುವ ಮೆಟ್ಟಿಲು: ಇಂಗ್ಲೆಂಡಿನ ಹಳ್ಳಿ ಚರ್ಚನ್ನು ಓದುವುದು ಹೇಗೆ?

ಪ್ರಶ್ನೆ: ಮಗಳು ಇಂಗ್ಲೆಂಡಿನ ಸಫೋಕ್‌ನಲ್ಲಿದ್ದಾಳೆ. ಎರಡು ತಿಂಗಳು ಅವಳ ಮನೆಯಲ್ಲಿದ್ದೆ. ಹತ್ತಿರದ ಹಳ್ಳಿಯಲ್ಲಿ ಒಂದು ಹಳೇ ಚರ್ಚ್ ಇದೆ, ನಾಲ್ಕೈದು ಸಲ ಹೋಗಿ ಕೂತು ಬಂದೆ. ಬಾಗಿಲಿಗೆ ದುಂಡು ಕಮಾನು, ಕಿಟಕಿಗಳಿಗೆಲ್ಲ ಚೂಪು ಕಮಾನು. ಅಲ್ಲಿಟ್ಟಿದ್ದ ಹಾಳೆಯಲ್ಲಿ 12ನೇ ಶತಮಾನದ ಚರ್ಚ್ ಅಂತ ಇತ್ತು. ಹೂವು ಜೋಡಿಸುತ್ತಿದ್ದ ಅಜ್ಜಿಯೊಬ್ಬರು 15ನೇ ಶತಮಾನದ್ದು ಅಂದರು. ಒಂದು ಗೋಡೆಯೊಳಗೆ ಕಿರಿದಾದ ಕಲ್ಲಿನ ಮೆಟ್ಟಿಲಿದೆ. ಹತ್ತಿ ಹೋದರೆ ಕೊನೆಯಲ್ಲಿ ಏನೂ ಇಲ್ಲ, ಬರೀ ಗಾಳಿ. ಇನ್ನೊಂದು ಗೋಡೆಯಲ್ಲಿ ಓರೆಯಾಗಿ ಕೊರೆದ ತೂತು. ಅದರಲ್ಲಿ ಕುಷ್ಠರೋಗಿಗಳು ಹೊರಗಿನಿಂದ ಪೂಜೆ ನೋಡುತ್ತಿದ್ದರಂತೆ. ಇದೆಲ್ಲ ನಿಜವೇ? ಇಷ್ಟು ದೊಡ್ಡ ಕಟ್ಟಡವನ್ನು ಒಂದು ಸಣ್ಣ ಹಳ್ಳಿಗೆ ಯಾರು ಕಟ್ಟಿಕೊಟ್ಟರು? (ನಿವೃತ್ತ ಗಣಿತ ಮೇಷ್ಟ್ರು, ತುಮಕೂರು)

ಉತ್ತರ: ಮೇಷ್ಟ್ರೇ, ಹಾಳೆ ಹೇಳಿದ್ದೂ ಸರಿ, ಅಜ್ಜಿ ಹೇಳಿದ್ದೂ ಸರಿ. ಇಂಗ್ಲೆಂಡಿನ ಹಳ್ಳಿ ಚರ್ಚುಗಳಲ್ಲಿ ಒಂದೇ ಸಲಕ್ಕೆ ಕಟ್ಟಿ ಮುಗಿಸಿದ್ದು ತೀರಾ ಕಡಿಮೆ. ಅಜ್ಜ ಕಟ್ಟಿದ ಮನೆಗೆ ಅಪ್ಪ ಒಂದು ಕೋಣೆ ಸೇರಿಸಿ, ಮಗ ಮಹಡಿ ಏರಿಸಿದ ಹಾಗೆ ಅವು ಬೆಳೆದಿವೆ. ಹಾಗಾಗಿ ‘ಈ ಚರ್ಚ್ ಯಾವ ಕಾಲದ್ದು’ ಅಂತ ಕೇಳಿದರೆ ಉತ್ತರ ಯಾವಾಗಲೂ ಅರ್ಧಂಬರ್ಧವೇ. ‘ಈ ಗೋಡೆ ಯಾವಾಗಿನದು, ಇದಕ್ಕೆ ದುಡ್ಡು ಕೊಟ್ಟವರು ಯಾರು’ ಅಂತ ಕೇಳಿ. ಹಳೇ ಕಲ್ಲು ಕಟ್ಟಡಗಳ ದುರಸ್ತಿ ನನ್ನ ಕಸುಬು. ನನಗಂತೂ ದುಡ್ಡಿನ ಪ್ರಶ್ನೆಯೇ ಜಾಸ್ತಿ ಕೆಲಸಕ್ಕೆ ಬಂದಿದೆ.

ಯಾಕೆ ಅಂದರೆ, ಇಂಥ ಚರ್ಚಿಗೆ ಮೊದಲಿಂದಲೂ ಇಬ್ಬರು ಯಜಮಾನರು. ಪೂರ್ವದ ತುದಿಯಲ್ಲಿ ಬಲಿಪೀಠ ಇರುವ ಭಾಗಕ್ಕೆ ಚಾನ್ಸೆಲ್ ಅಂತಾರೆ. ಪಾದ್ರಿ ಪೂಜೆ ಮಾಡುವ ಜಾಗ. ಅದರ ಪಶ್ಚಿಮಕ್ಕೆ, ಜನ ಸೇರುವ ದೊಡ್ಡ ಅಂಕಣ ನೇವ್. 13ನೇ ಶತಮಾನದ ಹೊತ್ತಿಗೆ ಇಂಗ್ಲೆಂಡಿನಲ್ಲಿ ಒಂದು ಪದ್ಧತಿ ಗಟ್ಟಿಯಾಗಿತ್ತು. ಚಾನ್ಸೆಲ್ ರಿಪೇರಿ ರೆಕ್ಟರ್‌ನ ತಲೆಗೆ, ನೇವ್ ಊರಿನವರ ತಲೆಗೆ. ರೆಕ್ಟರ್ ಅಂದರೆ ಊರಿನ ಬೆಳೆಯಲ್ಲಿ ಹತ್ತರಲ್ಲೊಂದು ಪಾಲು, ಅಂದರೆ ದಶಮಾಂಶ, ಪಡೆಯುವ ಹಕ್ಕುದಾರ. ಅವನು ಆ ಊರಿನ ಪಾದ್ರಿಯೇ ಆಗಿರಬೇಕು ಅಂತೇನಿಲ್ಲ. ಎಷ್ಟೋ ಕಡೆ ದೂರದ ಯಾವುದೋ ಮಠವೇ ರೆಕ್ಟರ್. ದಶಮಾಂಶದ ದೊಡ್ಡ ಪಾಲು ಮಠಕ್ಕೆ ಹೋಗುತ್ತಿತ್ತು. ಕಡಿಮೆ ಸಂಬಳದ ಪಾದ್ರಿಯೊಬ್ಬ ಊರಲ್ಲಿ ಇರುತ್ತಿದ್ದ.

ಈಗ ನಿಮ್ಮ ಚರ್ಚನ್ನು ಹೊರಗಿನಿಂದ ನೆನಪು ಮಾಡಿಕೊಳ್ಳಿ. ಚಾನ್ಸೆಲ್ ತಗ್ಗಾಗಿ, ಸಣ್ಣದಾಗಿ ಇತ್ತು, ನೇವ್ ಎತ್ತರವಾಗಿ, ತುಂಬಾ ಕಿಟಕಿಗಳ ಜೊತೆ ಇತ್ತು, ಅಲ್ವಾ? ಸಫೋಕ್‌ನಲ್ಲಿ ಹೆಚ್ಚಿನ ಕಡೆ ಹಾಗೇ. ದೂರದ ಮಠಕ್ಕೆ ಈ ಊರಿನ ಚಾನ್ಸೆಲ್ ಬರೀ ಖರ್ಚಿನ ಬಾಬ್ತು. ಮಾಡು ಸೋರದಿದ್ದರೆ ಸಾಕು. ಊರಿನವರಿಗೆ ನೇವ್ ಮರ್ಯಾದೆಯ ವಿಷಯ. ಪಕ್ಕದ ಊರಿನವರ ಗೋಪುರ ತಮ್ಮದಕ್ಕಿಂತ ಎತ್ತರ ಆದರೆ ನಿದ್ದೆ ಬರುತ್ತಿರಲಿಲ್ಲ. ಎಲ್ಲ ಕಡೆಯೂ ಹೀಗೆ ಅಂತ ಅಲ್ಲ. ಶ್ರೀಮಂತ ರೆಕ್ಟರ್ ಇದ್ದ ಕೆಲವು ಊರುಗಳಲ್ಲಿ ಚಾನ್ಸೆಲ್ಲೇ ನೇವ್‌ಗಿಂತ ಚಂದ.

ಈ ಹಳೇ ಪದ್ಧತಿ ಸತ್ತಿದೆ ಅಂದುಕೊಳ್ಳಬೇಡಿ. 16ನೇ ಶತಮಾನದಲ್ಲಿ ರಾಜ ಎಂಟನೇ ಹೆನ್ರಿ ಮಠಗಳನ್ನು ಮುಚ್ಚಿ ಜಮೀನು ಮಾರಿದಾಗ ರೆಕ್ಟರ್‌ನ ಹಕ್ಕೂ ಮಾರಾಟವಾಯಿತು, ಹೊಣೆಯೂ ಅದರ ಬೆನ್ನಿಗೆ ಹೋಯಿತು. ವಾರ್ವಿಕ್‌ಶೈರ್‌ನ ಆಸ್ಟನ್ ಕ್ಯಾಂಟ್ಲೋ ಅನ್ನುವ ಊರಲ್ಲಿ ಒಂದು ದಂಪತಿಗೆ ಹೊಲದ ಜೊತೆ ಈ ಋಣವೂ ಬಂದಿತ್ತು. ಚಾನ್ಸೆಲ್ ರಿಪೇರಿಗೆ ಸುಮಾರು 95,000 ಪೌಂಡ್ ಕೊಡಿ ಅಂತ ಚರ್ಚಿನವರು ಕೇಳಿದರು. ಕೇಸು 2003ರಲ್ಲಿ ಹೌಸ್ ಆಫ್ ಲಾರ್ಡ್ಸ್, ಅಂದರೆ ಆಗಿನ ಅತಿ ದೊಡ್ಡ ಕೋರ್ಟಿನ ತನಕ ಹೋಯಿತು. ದಂಪತಿ ಸೋತರು. ಕೊನೆಗೆ ಬಿಲ್ಲು ಮೊದಲು ಕೇಳಿದ್ದಕ್ಕಿಂತ ತುಂಬಾ ಜಾಸ್ತಿ ಆಯಿತು. ಇವತ್ತಿಗೂ ಇಂಗ್ಲೆಂಡಿನಲ್ಲಿ ಮನೆ ಕೊಳ್ಳುವಾಗ ವಕೀಲರು ಈ ಹೊಣೆ ಇದೆಯಾ ಅಂತ ಹುಡುಕಿಸೋದುಂಟು.

ಸರಿ, ನಿಮ್ಮ ದುಂಡು ಕಮಾನಿಗೆ ಬರೋಣ. 1066ರಲ್ಲಿ ಫ್ರಾನ್ಸಿನ ಕಡೆಯಿಂದ ನಾರ್ಮನ್ನರು ಬಂದು ಇಂಗ್ಲೆಂಡ್ ಗೆದ್ದ ಮೇಲೆ ನೂರಿಪ್ಪತ್ತು ವರ್ಷ ಕಟ್ಟಿದ್ದೆಲ್ಲ ದುಂಡು ಕಮಾನು. ಗೋಡೆ ದಪ್ಪ, ಕಿಟಕಿ ಸಣ್ಣ. ಆ ಕಿಟಕಿ ಹೊರಗೆ ಅಂಗೈಯಷ್ಟು ಅಗಲ ಕಂಡರೂ ಒಳಗೆ ಕೊಳವೆಯ ಬಾಯಿಯ ಹಾಗೆ ಅಗಲವಾಗುತ್ತಾ ಬರುತ್ತದೆ. ಬರುವ ಇಷ್ಟೇ ಇಷ್ಟು ಬೆಳಕು ಹರಡಿಕೊಳ್ಳಲಿ ಅಂತ. ಆ ಕಾಲದ್ದನ್ನು ಹೆಚ್ಚೇನೂ ಕೆಡಿಸದೆ ಉಳಿದ ರೂಪದಲ್ಲಿ ನೋಡಬೇಕಾದರೆ ಹೆರೆಫರ್ಡ್‌ಶೈರ್‌ನ ಕಿಲ್ಪೆಕ್‌ಗೆ ಹೋಗಬೇಕು. 1140ರ ಸುಮಾರಿನ ಕೆಂಪು ಮರಳುಗಲ್ಲಿನ ಪುಟ್ಟ ಚರ್ಚ್. ಸೂರಿನ ಕೆಳಗೆ ಸುತ್ತಲೂ 85 ಚಿಕ್ಕ ಕೆತ್ತನೆಗಳು ಉಳಿದಿವೆ. ನಾಯಿ, ಮೊಲ, ರಾಕ್ಷಸ ಮುಖ, ಜೊತೆಗೆ ಪಾದ್ರಿಗಳೇ ನೋಡಿ ಮುಜುಗರಪಡುವಂಥ ಒಂದೆರಡು.

ಹೆಚ್ಚಿನ ಊರುಗಳಲ್ಲಿ ನಾರ್ಮನ್ ಕಾಲದ್ದು ಅಂತ ಉಳಿದದ್ದು ಬಾಗಿಲು ಮಾತ್ರ. ಗೋಡೆ ಬೀಳಿಸಿ ಹೊಸದಾಗಿ ಕಟ್ಟುವಾಗಲೂ ಹಳೇ ಬಾಗಿಲಿನ ಕಲ್ಲುಗಳನ್ನು ಜೋಪಾನವಾಗಿ ಬಿಚ್ಚಿ ಹೊಸ ಗೋಡೆಗೆ ಕೂರಿಸುತ್ತಿದ್ದರು. ಕೆತ್ತಿದ ಕಲ್ಲು ದುಬಾರಿ, ಅದೂ ಒಂದು ಕಾರಣ. ಅಜ್ಜ ಮುತ್ತಜ್ಜ ದಾಟಿದ ಹೊಸ್ತಿಲು ಅನ್ನುವ ಪ್ರೀತಿಯೂ ಇದ್ದಿರಬೇಕು ಅಂತ ನನ್ನ ಗುಮಾನಿ. ಬಾಗಿಲ ಕಲ್ಲುಗಳ ಸಾಲು ಎಲ್ಲಾದರೂ ಕಮಾನಿನ ಗೆರೆ ತಪ್ಪಿದೆಯಾ ನೋಡಿ. ತಪ್ಪಿದ್ದರೆ ಅದು ಬಿಚ್ಚಿ ಕಟ್ಟಿದ್ದಿರಬಹುದು.

ಕಿಟಕಿಗಳ ವಿಷಯ ಇನ್ನೂ ಮಜಾ. ಚೂಪು ಕಮಾನುಗಳಲ್ಲೂ ಮೂರು ಕಾಲ ಇದೆ. ಮೊದಲಿಗೆ ಈಟಿ ಮೊನೆಯ ಹಾಗೆ ಉದ್ದುದ್ದ, ಕಿರಿದು, ಒಳಗೆ ಯಾವ ಕುಸುರಿಯೂ ಇಲ್ಲ. ಇದು 1200ರ ಆಸುಪಾಸು. ಆಮೇಲೆ ಎರಡು ಮೂರು ಈಟಿಗಳನ್ನು ಒಂದೇ ದೊಡ್ಡ ಕಮಾನಿನ ಕೆಳಗೆ ಸೇರಿಸಿ, ಮೇಲಿನ ಖಾಲಿ ಜಾಗದಲ್ಲಿ ಕಲ್ಲಿನ ಬಳ್ಳಿ ಬಿಟ್ಟರು. ಮೊದಲು ಕೈವಾರದಲ್ಲಿ ಬರೆದ ವೃತ್ತಗಳು. 1300 ದಾಟಿದ ಮೇಲೆ ಬೆಂಕಿಯ ನಾಲಗೆಯ ಹಾಗೆ ಬಳುಕುವ ಗೆರೆಗಳು. ಕೊನೆಗೆ, 1350ರ ನಂತರ, ಬಳುಕಾಟ ನಿಂತು ಎಲ್ಲ ನೆಟ್ಟಗಾಯಿತು. ಕಿಟಕಿಯ ಮಧ್ಯದ ಕಲ್ಲು ಕಡ್ಡಿಗಳು ಕೆಳಗಿನಿಂದ ಹೊರಟು ಎಲ್ಲೂ ಬಾಗದೆ ಸೀದಾ ಮೇಲಿನ ಕಮಾನಿಗೇ ತಾಗಿದರೆ ಅದು ಪರ್ಪೆಂಡಿಕ್ಯುಲರ್ ಶೈಲಿ. ಗಣಿತ ಮೇಷ್ಟ್ರಿಗೆ ಈ ಹೆಸರು ಬಿಡಿಸಿ ಹೇಳಬೇಕಾಗಿಲ್ಲ! ಶೈಲಿಗಳ ಇಂಥ ಹೆಸರುಗಳನ್ನು ಕಟ್ಟಿದವರು ಇಟ್ಟಿದ್ದಲ್ಲ. 1817ರಲ್ಲಿ ಥಾಮಸ್ ರಿಕ್‌ಮನ್ ಅನ್ನುವವನು ಚರ್ಚ್ ಚರ್ಚ್ ಅಲೆದು, ನೋಡಿ, ವಿಂಗಡಿಸಿ ಇಟ್ಟ ಹೆಸರುಗಳು. ಎರಡು ನೂರು ವರ್ಷ ಆದರೂ ಅವನ್ನೇ ಬಳಸುತ್ತಿದ್ದೇವೆ.

ಒಂದು ಎಚ್ಚರಿಕೆ. ಕಿಟಕಿಯ ವಯಸ್ಸು ಗೋಡೆಯ ವಯಸ್ಸಲ್ಲ. ದುಡ್ಡಿದ್ದವನೊಬ್ಬ ಸಾಯುವಾಗ ಉಯಿಲಿನಲ್ಲಿ ‘ಚರ್ಚಿಗೊಂದು ಹೊಸ ಕಿಟಕಿ’ ಅಂತ ಬರೆದರೆ, ಹಳೇ ಗೋಡೆ ಒಡೆದು ಹೊಸ ಕಿಟಕಿ ಕೂರಿಸುತ್ತಿದ್ದರು. ನಿಮ್ಮ ಅಜ್ಜಿ ನೋಡಿದ್ದು ಕಿಟಕಿಯನ್ನು, ಹಾಳೆ ಬರೆದವರು ನೋಡಿದ್ದು ಬಾಗಿಲನ್ನು.

ನೇವ್‌ನ ಗೋಡೆ ಎತ್ತರಿಸಿದ್ದಕ್ಕೂ ಸಾಕ್ಷಿ ಸಿಗುತ್ತದೆ. ಪಶ್ಚಿಮದ ಗೋಪುರದ ಒಳಮೈ, ಅಂದರೆ ನೇವ್ ಕಡೆ ಮುಖ ಮಾಡಿದ ಗೋಡೆಯನ್ನು ದಿಟ್ಟಿಸಿ ನೋಡಿ. ಎಷ್ಟೋ ಕಡೆ ಅಲ್ಲಿ ತಲೆಕೆಳಗಾದ V ಆಕಾರದ ಗೀರು ಕಾಣುತ್ತದೆ. ಅದು ಹಳೇ ಮಾಡು ಗೋಪುರಕ್ಕೆ ತಾಗಿದ್ದ ಗುರುತು. ಹಳೇ ಮಾಡು ಹುಲ್ಲಿನದೋ ಹೆಂಚಿನದೋ, ತುಂಬಾ ಇಳಿಜಾರು. 15ನೇ ಶತಮಾನದಲ್ಲಿ ಸೀಸದ ತಗಡು ಹೊದಿಸಿ ಮಾಡಿನ ಇಳಿಜಾರು ತಗ್ಗಿಸಿ ಹೆಚ್ಚುಕಮ್ಮಿ ಚಪ್ಪಟೆ ಮಾಡಿದರು. ಉಳಿದ ಎತ್ತರದಲ್ಲಿ ಕಿಟಕಿಗಳ ಇನ್ನೊಂದು ಸಾಲು ಬಂತು. ಇದಕ್ಕೆ ಕ್ಲಿಯರ್‌ಸ್ಟೋರಿ ಅಂತಾರೆ. ಮೇಲಿನಿಂದ ಬೆಳಕು ಸುರಿಯಲು ಶುರುವಾದದ್ದು ಆಗ.

ಇನ್ನು ಕಟ್ಟಿದವರು ಯಾರು ಅಂತ ಕೇಳಿದ್ದೀರಿ. ನಿಮ್ಮ ಮಗಳಿರುವ ಸಫೋಕ್‌ನಲ್ಲೇ ಇದಕ್ಕೊಂದು ಅಪರೂಪದ ದಾಖಲೆ ಇದೆ. ಸಮುದ್ರದ ದಂಡೆಯ ವಾಲ್ಬರ್ಸ್‌ವಿಕ್ ಹಳ್ಳಿಯವರು 1426ರಲ್ಲಿ ಗೋಪುರ ಕಟ್ಟಿಸಲು ಇಬ್ಬರು ಕಲ್ಲುಕುಟಿಗರ ಜೊತೆ ಕರಾರು ಮಾಡಿಕೊಂಡರು. ಒಬ್ಬ ಡನಿಚ್‌ನ ರಿಚರ್ಡ್ ರಸಲ್, ಇನ್ನೊಬ್ಬ ಪಕ್ಕದ ಬ್ಲೈತ್‌ಬರೋದ ಆಡಂ ಪೌಲ್. ಕರಾರಿನಲ್ಲಿ ನಕ್ಷೆಯ ಮಾತಿಲ್ಲ, ಊರುಗಳ ಹೆಸರಿದೆ. ಗೋಪುರ ಟನ್‌ಸ್ಟಾಲ್ ಊರಿನದರ ಹಾಗೆ ಇರಬೇಕು, ಪಶ್ಚಿಮದ ಬಾಗಿಲು ಹೇಲ್ಸ್‌ವರ್ತ್‌ನಲ್ಲಿರುವಷ್ಟು ಚೆನ್ನಾಗಿರಬೇಕು. ‘ಅವರ ಮನೆ ಗೇಟು ನೋಡಿದ್ದೀಯಲ್ಲ, ಅಂಥದ್ದೇ ಮಾಡಿಕೊಡು’ ಅಂತ ನಾವು ವೆಲ್ಡಿಂಗ್ ಅಂಗಡಿಯವನಿಗೆ ಹೇಳೋದಿಲ್ವಾ, ಹಾಗೆ. ಕೂಲಿ ಪ್ರತಿ ಗಜ ಎತ್ತರಕ್ಕೆ 40 ಶಿಲಿಂಗ್. ಮೇಲೆ ವರ್ಷಕ್ಕೊಂದು ಪೀಪಾಯಿ ಹೆರಿಂಗ್ ಮೀನು. ಜೊತೆಗೆ ತೊಡಲು ನಿಲುವಂಗಿ. ಮೀನುಗಾರರ ಊರು ನೋಡಿ, ಕೈಯಲ್ಲಿದ್ದದ್ದನ್ನೇ ಕೊಟ್ಟಿದ್ದಾರೆ.

ಆ ಕರಾರಿನಲ್ಲೇ ಇನ್ನೊಂದು ಮಾತಿದೆ. ಕೆಲಸ ನಡೆಯಬೇಕಾದದ್ದು ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಮಾತ್ರ. ನನ್ನಂಥವರಿಗೆ ಇದು ಮೀನಿಗಿಂತ ರುಚಿ. ಸುಣ್ಣದ ಗಾರೆ ನಿಧಾನಕ್ಕೆ ಗಟ್ಟಿಯಾಗುತ್ತದೆ. ಹಸಿ ಇರುವಾಗಲೇ ಹಿಮ ಬಿದ್ದರೆ ಒಳಗಿನ ನೀರು ಹೆಪ್ಪುಗಟ್ಟಿ ಉಬ್ಬಿ, ಗಾರೆ ಪುಡಿಪುಡಿ. ಅದಕ್ಕೇ ಚಳಿಗಾಲಕ್ಕೆ ಗೋಡೆಯ ತಲೆಗೆ ಹುಲ್ಲು ಹೊದಿಸಿ ಸುಮ್ನೆ ಬಿಡುತ್ತಿದ್ದರು. ಜಾಸ್ತಿ ಅವಸರ ಮಾಡಿದರೆ ಮೇಲಿನ ಭಾರಕ್ಕೆ ಕೆಳಗಿನ ಹಸಿ ಗೋಡೆ ಉಬ್ಬುತ್ತದೆ. ವರ್ಷಕ್ಕೆ ಹತ್ತು ಅಡಿ ಏರಿದರೆ ಒಳ್ಳೇ ಕೆಲಸ. ಸಫೋಕ್‌ನ ಕೆಲವು ಗೋಪುರಗಳಲ್ಲಿ ಹೊರಗಿನಿಂದ ಅಡ್ಡಡ್ಡ ಪಟ್ಟಿಗಳು ಕಾಣುತ್ತವೆ. ಒಂದೊಂದು ಬೇಸಿಗೆಯ ಕೆಲಸ ಒಂದೊಂದು ಪಟ್ಟಿ. ಇಳಿ ಬಿಸಿಲಿನಲ್ಲಿ ನೋಡಿದರೆ ಎಣಿಸಬಹುದು.

ಆ ಗೋಡೆಯ ಕಲ್ಲೂ ವಿಚಿತ್ರ. ಸಫೋಕ್‌ನಲ್ಲಿ ಕಟ್ಟುವ ಕಲ್ಲಿನ ಗಣಿ ಇಲ್ಲ ಅನ್ನಬಹುದು. ಸಿಗೋದು ಚಕಮಕಿ ಕಲ್ಲು, ಫ್ಲಿಂಟ್. ಹೊಲ ಉಳುವಾಗ ನೇಗಿಲಿಗೆ ಸಿಗುವ ಆಲೂಗಡ್ಡೆ ಗಾತ್ರದ ಉಂಡೆಗಳು. ಹೊರಗೆ ಬಿಳಿ ಸಿಪ್ಪೆ, ಒಡೆದರೆ ಒಳಗೆ ಗಾಜಿನಂತೆ ಹೊಳೆಯುವ ಕಪ್ಪು. ಈ ಉಂಡೆಗಳಿಂದ ಗೋಡೆ ಕಟ್ಟಬಹುದು, ಆದರೆ ಚೌಕದ ಮೂಲೆ ತೆಗೆಯೋದು ಕಷ್ಟ. ನಾರ್ಫೋಕ್, ಸಫೋಕ್ ಕಡೆ ದುಂಡು ಗೋಪುರಗಳು ಅಷ್ಟೊಂದು ಇರೋದು ಇದಕ್ಕೇ ಅನ್ನೋರಿದ್ದಾರೆ, ಒಪ್ಪದವರೂ ಇದ್ದಾರೆ. ಮೂಲೆಗೆ, ಕಿಟಕಿ ಚೌಕಟ್ಟಿಗೆ ಬೇಕಾದ ಒಳ್ಳೇ ಕಲ್ಲು ದೋಣಿಯಲ್ಲೇ ಬರಬೇಕಿತ್ತು. ಕೆಲವು ಸಲ ಫ್ರಾನ್ಸಿನ ಕ್ಯಾನ್‌ನಿಂದ ಸಮುದ್ರ ದಾಟಿ ಬರುತ್ತಿತ್ತು. ಇಲ್ಲದಿಕೆಯೇ ಒಂದು ಕಲೆಯಾಯಿತು. ಬಿಳಿ ಕಲ್ಲಿನ ತೆಳು ಹಲಗೆಗಳಲ್ಲಿ ಅಕ್ಷರ, ಕಿರೀಟ, ಕಮಾನಿನ ಆಕಾರ ಕೊರೆದು, ಆ ಸಂದುಗಳಲ್ಲಿ ಒಡೆದ ಕಪ್ಪು ಫ್ಲಿಂಟ್ ಕೂರಿಸಿ ಗೋಡೆಯ ಮೇಲೆ ಕಪ್ಪು-ಬಿಳುಪು ಚಿತ್ತಾರ ಬಿಡಿಸಿದರು. ಲಾಂಗ್ ಮೆಲ್‌ಫರ್ಡ್‌ಗೆ ಹೋದರೆ ಉಣ್ಣೆ ಬಟ್ಟೆ ವ್ಯಾಪಾರದಲ್ಲಿ ದುಡ್ಡು ಮಾಡಿದವರ ಹೆಸರುಗಳೇ ಚರ್ಚಿನ ಹೊರಗೋಡೆಯ ಉದ್ದಕ್ಕೂ ಇವೆ. ‘ಇಂಥವರ ಆತ್ಮಕ್ಕಾಗಿ ಪ್ರಾರ್ಥಿಸಿ’ ಅಂತ. ಫ್ಯಾನಿನ ರೆಕ್ಕೆಯ ಮೇಲೆ ದಾನಿಗಳ ಹೆಸರು ಬರೆಸುವ ನಮ್ಮವರನ್ನು ನೋಡಿ ನಗಬೇಡಿ.

ದುಡ್ಡೆಲ್ಲ ಶ್ರೀಮಂತರದ್ದೂ ಅಲ್ಲ. ಊರಿನವರು ಬಾರ್ಲಿ ಕೂಡಿಸಿ, ಬಿಯರ್ ಕಾಯಿಸಿ, ಹಬ್ಬದ ದಿನ ಚರ್ಚಿನ ಹೆಸರಲ್ಲಿ ಮಾರುತ್ತಿದ್ದರು. ಕುಡಿದಷ್ಟೂ ಗೋಪುರ ಏರುತ್ತಿತ್ತು!

ಎಲ್ಲ ಸಲವೂ ಏರಲಿಲ್ಲ. 1348-49ರ ಪ್ಲೇಗಿನಲ್ಲಿ ಇಂಗ್ಲೆಂಡಿನ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಜನ ಸತ್ತರು. ಕಲ್ಲುಕುಟಿಗರೂ ಸತ್ತರು. ಹರ್ಟ್‌ಫರ್ಡ್‌ಶೈರ್‌ನ ಆಶ್‌ವೆಲ್ ಚರ್ಚ್ ಆಗ ಕಟ್ಟುತ್ತಿದ್ದದ್ದು. ಅಲ್ಲಿಯ ಕಲ್ಲು ಸೀಮೆಸುಣ್ಣದ ಜಾತಿ, ಉಗುರಲ್ಲೂ ಗೀರಬಹುದು ಅನ್ನುವಷ್ಟು ಮೆತ್ತಗೆ. ಗೋಪುರದ ಒಳಗೋಡೆಯಲ್ಲಿ ಯಾರೋ 1350ರಲ್ಲಿ ಲ್ಯಾಟಿನ್‌ನಲ್ಲಿ ಗೀರಿದ್ದಾರೆ. ಇದನ್ನೆಲ್ಲ ಕಂಡು ಹೇಳಲು ಜನರ ಗಸಿ ಮಾತ್ರ ಉಳಿದಿದೆ ಅನ್ನುವ ಅರ್ಥ. ಅದೇ ಚರ್ಚಿನ ಇನ್ನೊಂದು ಗೀರು ನನಗೆ ತುಂಬಾ ಇಷ್ಟ. ಯಾವನೋ ಕೆಲಸ ಗೊತ್ತಿದ್ದವನು ಬರೆದದ್ದು. ಮೂಲೆಗಳನ್ನು ಸರಿಯಾಗಿ ಕೂಡಿಸಿಲ್ಲ, ಥೂ. ನಿಜವಾಗಿ ಉಗುಳುತ್ತೇನೆ ಅಂತಲೇ ಇದೆ. ಸೈಟಿನಲ್ಲಿ ಸಂಜೆ ಹೊತ್ತು ನಾನೂ ಅದನ್ನೇ ಎಷ್ಟು ಸಲ ಅಂದುಕೊಂಡಿಲ್ಲ!

ಈಗ ನಿಮ್ಮ ಮೆಟ್ಟಿಲು. ಅದು ಗಾಳಿಗೆ ತೆರೆದುಕೊಂಡದ್ದು 16ನೇ ಶತಮಾನದಲ್ಲಿ. ಅದಕ್ಕೂ ಮುಂಚೆ ಅಲ್ಲಿ ಒಂದು ಅಟ್ಟ ಇತ್ತು.

ಚಾನ್ಸೆಲ್‌ಗೂ ನೇವ್‌ಗೂ ನಡುವೆ ಕಮಾನಿನ ಕೆಳಗೆ ಮರದ ಜಾಲರಿ ತಡಿಕೆ ಇರುತ್ತಿತ್ತು. ಕೆಳಗಿನ ಅರ್ಧ ಹಲಗೆ, ಅದರ ಮೇಲೆ ಸಂತರ ಚಿತ್ರ. ಮೇಲಿನ ಅರ್ಧ ಜಾಲರಿ, ಅದರ ಮೂಲಕ ಪೂಜೆ ನೋಡಬಹುದು. ತಡಿಕೆಯ ತಲೆಯ ಮೇಲೆ ಒಬ್ಬರು ಇಬ್ಬರು ಓಡಾಡುವಷ್ಟು ಅಗಲದ ಅಟ್ಟ. ಅಟ್ಟದ ಮೇಲೆ ದೊಡ್ಡ ಶಿಲುಬೆ, ಒಂದು ಪಕ್ಕ ಮಾತೆ ಮರಿಯ, ಇನ್ನೊಂದು ಪಕ್ಕ ಯೋಹಾನ. ಈ ಶಿಲುಬೆಗೆ ರೂಡ್ ಅಂತಾರೆ. ಅಲ್ಲಿ ದೀಪ ಹಚ್ಚಬೇಕು, ಉಪವಾಸದ ಕಾಲದಲ್ಲಿ ಶಿಲುಬೆಗೆ ಬಟ್ಟೆ ಮುಚ್ಚಬೇಕು. ಅದಕ್ಕೆ ಹತ್ತಿ ಹೋಗಲು ದಪ್ಪ ಗೋಡೆಯನ್ನೇ ಕೊರೆದು ಮೆಟ್ಟಿಲು ಮಾಡಿದರು. ನೀವು ಹತ್ತಿದ್ದು ಅದನ್ನೇ. ಮಧ್ಯಕಾಲದ ಹಳ್ಳಿಯವನು ಚರ್ಚಿನೊಳಗೆ ಕಾಲಿಟ್ಟರೆ ಮೊದಲು ಕಣ್ಣಿಗೆ ಬೀಳುತ್ತಿದ್ದದ್ದು ದೂರದ ಬಲಿಪೀಠ ಅಲ್ಲ, ಈ ಶಿಲುಬೆ.

1547ರಲ್ಲಿ ಆರನೇ ಎಡ್ವರ್ಡ್ ಪಟ್ಟಕ್ಕೆ ಬಂದ ಮೇಲೆ, ವಿಗ್ರಹ ಒಪ್ಪದ ಪ್ರೊಟೆಸ್ಟಂಟರ ಕೈ ಮೇಲಾಗಿ, ಶಿಲುಬೆಗಳನ್ನು ಇಳಿಸಿದರು. 1553ರಲ್ಲಿ ಕ್ಯಾಥೊಲಿಕ್ ಮೇರಿ ರಾಣಿ ಬಂದಳು, ಮತ್ತೆ ಮಾಡಿಸಿ ಏರಿಸಿ ಅಂದಳು. 1558ರಲ್ಲಿ ಪ್ರೊಟೆಸ್ಟಂಟ್ ಎಲಿಜಬೆತ್ ಬಂದಳು, ಮತ್ತೆ ಇಳಿಸಿದರು. 1561ರ ಆಜ್ಞೆಯಲ್ಲಿ ಅಟ್ಟ ಕಿತ್ತು ಹಾಕಿ, ಕೆಳಗಿನ ತಡಿಕೆ ಇರಲಿ ಅಂತಾಯಿತು. ಹದಿನೈದು ವರ್ಷದಲ್ಲಿ ಇಳಿಸು, ಏರಿಸು, ಇಳಿಸು. ಖರ್ಚೆಲ್ಲ ಊರಿನವರದ್ದೇ. ಮರ ಕಿತ್ತರು, ಗೋಡೆಯೊಳಗಿನ ಮೆಟ್ಟಿಲನ್ನು ಏನು ಮಾಡೋದು? ಕೆಲವರು ಬಾಯಿ ಮುಚ್ಚಿ ಸುಣ್ಣ ಬಳಿದರು. ನಿಮ್ಮ ಊರಿನವರು ಹಾಗೇ ಬಿಟ್ಟರು.

ಆ ಅಟ್ಟದ ಹಿಂದೆ ಏನಿತ್ತು ಅಂತ ಕಣ್ಣಾರೆ ನೋಡಬೇಕಾದರೆ ಮಗಳಿಗೆ ಹೇಳಿ ವೆನ್ಹಾಸ್ಟನ್‌ಗೆ ಹೋಗಿ. ಬ್ಲೈತ್‌ಬರೋದ ಪಕ್ಕದ ಹಳ್ಳಿ. ಅಲ್ಲಿ ಚಾನ್ಸೆಲ್ ಕಮಾನಿನ ಮೇಲ್ಭಾಗವನ್ನು ಮರದ ಹಲಗೆಗಳಿಂದ ಮುಚ್ಚಿ, ಅದಕ್ಕೆ ಸುಣ್ಣ ಬಳಿದಿದ್ದರು. 1892ರಲ್ಲಿ ರಿಪೇರಿ ಮಾಡುವಾಗ ಹಲಗೆಗಳನ್ನು ಕಿತ್ತು ಹೊರಗೆ ಸಮಾಧಿಗಳ ಅಂಗಳಕ್ಕೆ ಎಸೆದರು. ರಾತ್ರಿ ಮಳೆ ಬಂತು. ಸುಣ್ಣ ತೊಳೆದು ಹೋಗಿ ಬೆಳಿಗ್ಗೆ ಹಲಗೆಯಿಂದ ಮುಖಗಳು ಇಣುಕುತ್ತಿದ್ದವು. 1500ರ ಆಸುಪಾಸಿನ ಅಂತಿಮ ತೀರ್ಪಿನ ಚಿತ್ರ ಅದು. ಕಾಮನಬಿಲ್ಲಿನ ಮೇಲೆ ಕೂತ ಕ್ರಿಸ್ತ, ತಕ್ಕಡಿಯಲ್ಲಿ ಆತ್ಮ ತೂಗುವ ಮೈಕೇಲ, ದೊಡ್ಡ ಮೀನಿನ ಬಾಯಿಯಂಥ ನರಕ. ಸ್ವರ್ಗದ ಬಾಗಿಲಲ್ಲಿ ರಾಜ, ಬಿಷಪ್ ಎಲ್ಲ ಬೆತ್ತಲೆ ನಿಂತಿದ್ದಾರೆ, ತಲೆಯ ಮೇಲಿನ ಕಿರೀಟ ಟೋಪಿ ಮಾತ್ರ ಉಳಿದಿದೆ.

ಆ ಚಿತ್ರದಲ್ಲಿ ಎಲ್ಲಕ್ಕಿಂತ ನೋಡಬೇಕಾದದ್ದು ಬಣ್ಣ ಇಲ್ಲದ ಜಾಗ. ನಡುವೆ ಒಂದು ದೊಡ್ಡ ಶಿಲುಬೆಯ ಆಕಾರ, ಎರಡು ಪಕ್ಕ ಇಬ್ಬರು ನಿಂತ ಆಕಾರ, ಬರೀ ಹಲಗೆ. ರೂಡ್‌ನ ಮರದ ವಿಗ್ರಹಗಳು ಅಲ್ಲಿ ಅಂಟಿಕೊಂಡಿದ್ದವು. ಅವುಗಳ ಹಿಂದೆ ಬಣ್ಣ ಬಳಿಯೋದು ದಂಡ ಅಂತ ಚಿತ್ರಗಾರ ಸುತ್ತ ಮಾತ್ರ ಬರೆದ. ವಿಗ್ರಹ ಹೋಗಿ ನಾಲ್ಕೂವರೆ ಶತಮಾನ ದಾಟಿದೆ, ಅದರ ಜಾಗ ಹಾಗೇ ಇದೆ.

ಓರೆ ತೂತಿನ ವಿಷಯಕ್ಕೆ ನಿಮ್ಮ ವಿದ್ಯೆಯೇ ಸಾಕು, ಮೇಷ್ಟ್ರೇ. ಆ ತೂತಿನ ಎರಡು ಬಾಯಿಯ ಮಧ್ಯಬಿಂದುಗಳನ್ನು ಸೇರಿಸಿ ಗೆರೆ ಮುಂದುವರಿಸಿ. ಅದು ಸೀದಾ ದೊಡ್ಡ ಬಲಿಪೀಠಕ್ಕೆ ಹೋಗಿ ಮುಟ್ಟುತ್ತದೆ. ಇನ್ನೊಂದು ತುದಿ ಹೊರಗೆ ಬರೋದಿಲ್ಲ, ಚರ್ಚಿನೊಳಗೇ ಪಕ್ಕದ ಸಾಲಿನಲ್ಲಿ, ಅಂದರೆ ನೇವ್‌ನ ಪಕ್ಕಕ್ಕೆ ಉದ್ದಕ್ಕೂ ಅಂಟಿಕೊಂಡ ಅಂಕಣದಲ್ಲಿ, ತೆರೆಯುತ್ತದೆ. ಹಾಗಿದ್ದ ಮೇಲೆ ಕುಷ್ಠರೋಗಿ ಹೊರಗಿನಿಂದ ನೋಡಿದ್ದು ಎಲ್ಲಿಂದ? ಪಕ್ಕದ ಸಾಲಿನಲ್ಲೂ ಒಂದು ಸಣ್ಣ ಬಲಿಪೀಠ ಇತ್ತು. ಅಲ್ಲಿ ನಿಂತ ಪಾದ್ರಿಗೆ ದೊಡ್ಡ ಪೂಜೆ ಎಲ್ಲಿಗೆ ಬಂತು ಅಂತ ಕಾಣಬೇಕಿತ್ತು. ಅಲ್ಲಿ ನಿಂತ ಜನರಿಗೂ ಕಾಣಬೇಕಿತ್ತು. ಇದನ್ನು ಪರೀಕ್ಷಿಸಲು ಒಂದು ಉಪಾಯ. ಪಕ್ಕದ ಸಾಲಿನ ದಕ್ಷಿಣದ ಗೋಡೆಯಲ್ಲಿ ಸೊಂಟದ ಎತ್ತರಕ್ಕೆ ಒಂದು ಗೂಡು, ಅದರ ತಳದಲ್ಲಿ ಬಟ್ಟಲಿನಂಥ ಗುಳಿ, ಗುಳಿಯಲ್ಲಿ ನೀರು ಇಳಿಯುವ ತೂತು ಇದೆಯಾ ನೋಡಿ. ಪೂಜೆಯ ಪಾತ್ರೆ ತೊಳೆದ ನೀರು ಸುರಿಯುವ ಜಾಗ ಅದು. ಅದಿದ್ದ ಕಡೆ ಬಲಿಪೀಠ ಇತ್ತು ಅಂತಲೇ ಲೆಕ್ಕ.

ಇಂಥ ಕಟ್ಟುಕಥೆಗಳು ತುಂಬಾ ಇವೆ. ಚಾನ್ಸೆಲ್ ನೇವ್‌ಗೆ ನೇರ ಇಲ್ಲದೆ ಸ್ವಲ್ಪ ಓರೆ ಇದ್ದರೆ, ಶಿಲುಬೆಯ ಮೇಲೆ ಕ್ರಿಸ್ತನ ತಲೆ ವಾಲಿದ ಸಂಕೇತ ಅಂತಾರೆ. ಹಳೇ ನೇವ್ ಉಳಿಸಿಕೊಂಡು ಚಾನ್ಸೆಲ್ ಮಾತ್ರ ಹೊಸದಾಗಿ ಕಟ್ಟುವಾಗ, ನಡುವೆ ಗೋಡೆ ಇದ್ದರೆ ದಾರ ಎಳೆಯೋದು ಹೇಗೆ? ತಪ್ಪಿದ ಅಳತೆ ಅಷ್ಟೇ ಅಂತ ನನ್ನ ಅಭಿಪ್ರಾಯ.

ಬ್ಲೈತ್‌ಬರೋದ ದೇವದೂತರ ಕಥೆ ಇನ್ನೂ ಚೆನ್ನಾಗಿದೆ. ಅಲ್ಲಿಯ ನೇವ್‌ನ ಮಾಡಿನ ನಡುವೆ, ಬೆನ್ನಿಗೆ ಬೆನ್ನು ತಾಗಿಸಿ, ರೆಕ್ಕೆ ಚಾಚಿದ ಮರದ ದೇವದೂತರ ಸಾಲಿದೆ. ಮಾಸಿದ ಹಳೇ ಬಣ್ಣ ಇನ್ನೂ ತೊಲೆಗಳಿಗೆ ಅಂಟಿಕೊಂಡಿದೆ. 1644ರ ಏಪ್ರಿಲ್‌ನಲ್ಲಿ ವಿಲಿಯಂ ಡೌಸಿಂಗ್ ಅನ್ನುವ ಅಧಿಕಾರಿ, ಚರ್ಚಿನಲ್ಲಿ ವಿಗ್ರಹ ಚಿತ್ರ ಕೂಡದು ಅನ್ನುವ ಪ್ಯೂರಿಟನ್ ಪಂಥದವನು, ಬಂದು ಇಪ್ಪತ್ತು ದೇವದೂತರನ್ನು ಇಳಿಸಿ ಅಂತ ಆಜ್ಞೆ ಮಾಡಿ ಹೋದ. ಯಾರೂ ಇಳಿಸಿದ ಹಾಗಿಲ್ಲ, ಅಷ್ಟು ಎತ್ತರ. ಮರದಲ್ಲಿ ಬಂದೂಕಿನ ಚರೆಗಳು ಸಿಕ್ಕಾಗ ಎಲ್ಲರೂ ಡೌಸಿಂಗ್‌ನ ಕಡೆಯವರೇ ಗುಂಡು ಹೊಡೆದದ್ದು ಅಂದರು. 1970ರ ದಶಕದ ದುರಸ್ತಿಯಲ್ಲಿ ನೋಡಿದರೆ ಚರೆಗಳು 18ನೇ ಶತಮಾನದವು. ಚರ್ಚಿನ ಲೆಕ್ಕದ ಪುಸ್ತಕದಲ್ಲೂ ಆ ಕಾಲದ ಖರ್ಚು ಇದೆ. ಒಳಗೆ ಗೂಡು ಕಟ್ಟುತ್ತಿದ್ದ ಜಾಕ್‌ಡಾ ಹಕ್ಕಿಗಳನ್ನು, ಕಾಗೆಯ ಸಣ್ಣ ತಮ್ಮ ಅಂದುಕೊಳ್ಳಿ, ಹೊಡೆಯಲು ಮದ್ದುಗುಂಡಿಗೆ ಕೊಟ್ಟ ದುಡ್ಡು. ಕಾಗೆಗೆ ಹೊಡೆದದ್ದು ದೇವದೂತರಿಗೆ ತಾಗಿತ್ತು.

ಒಳಗಿನ ಬರೀ ಕಲ್ಲಿನ ಗೋಡೆ ನೋಡಿ ‘ಆಹಾ, ಹಳೇ ಕಾಲ’ ಅಂದುಕೊಂಡಿದ್ದರೆ ಅದನ್ನೂ ಸರಿಮಾಡುತ್ತೇನೆ. ಹಳೇ ಕಾಲದಲ್ಲಿ ಒಳಗೋಡೆಗೆಲ್ಲ ಗಾರೆ, ಅದರ ಮೇಲೆ ಬಣ್ಣ. ಕಲ್ಲು ಕಾಣೋದು ಅಂದರೆ ಕೆಲಸ ಮುಗಿದಿಲ್ಲ ಅಂತ ಅರ್ಥ. 19ನೇ ಶತಮಾನದಲ್ಲಿ ಚರ್ಚುಗಳನ್ನು ‘ಹಳೇ ರೂಪಕ್ಕೆ ತರ್ತೀವಿ’ ಅಂತ ಹೊರಟವರು ಗಾರೆಯನ್ನೆಲ್ಲ ಕೆರೆದು ಹಾಕಿದರು, ಚಿತ್ರಗಳೂ ಹೋದವು. ಇದನ್ನು ನೋಡಲಾರದೆ ವಿಲಿಯಂ ಮಾರಿಸ್ 1877ರಲ್ಲಿ ಹಳೇ ಕಟ್ಟಡಗಳನ್ನು ಕಾಯುವ ಸಂಘವನ್ನೇ ಕಟ್ಟಿದ. ಕೆರೆಯಬೇಡಿ, ದಿನದಿನದ ರಿಪೇರಿ ಮಾಡಿ ಅನ್ನೋದು ಅದರ ಸಾರ. ನಮ್ಮ ಕಾಲದ ತಪ್ಪು ಬೇರೆ, ಸಿಮೆಂಟು. ಒಂದು ಊರಿನ ಫ್ಲಿಂಟ್ ಗೋಡೆಯ ಸಂದಿಗೆ ಯಾರೋ ಕಂಟ್ರಾಕ್ಟರ್ ಗಟ್ಟಿಯಾಗಲಿ ಅಂತ ಸಿಮೆಂಟು ತುಂಬಿದ್ದ. ಸುಣ್ಣ ಉಸಿರಾಡುತ್ತದೆ, ಸಿಮೆಂಟು ಉಸಿರು ಕಟ್ಟಿಸುತ್ತದೆ. ಗೋಡೆಗೆ ಹೊಕ್ಕ ನೀರು ಹೊರಗೆ ಹೋಗಲಾರದೆ ಒಳಗಡೆ ಪಾಚಿ. ಅದನ್ನು ಉಳಿಯಲ್ಲಿ ಕೆತ್ತಿ ತೆಗೆಯಲು ನಮಗೆ ಒಂದು ಬೇಸಿಗೆ ಪೂರ್ತಿ ಹಿಡಿಯಿತು.

ಮೀನು ಕೊಟ್ಟು ಗೋಪುರ ಕಟ್ಟಿಸಿದ ವಾಲ್ಬರ್ಸ್‌ವಿಕ್ ಮುಂದೇನಾಯಿತು ಅಂತ ಹೇಳಲಿಲ್ಲ. ಗೋಪುರಕ್ಕೆ ತಕ್ಕ ದೊಡ್ಡ ಚರ್ಚೂ 15ನೇ ಶತಮಾನದ ಕೊನೆಗೆ ಎದ್ದಿತು. ಆಮೇಲೆ ಬಂದರು ಸೊರಗಿತು, ಜನ ಕಡಿಮೆಯಾದರು, ಮಾಡು ಸೋರತೊಡಗಿತು. 1695ರಲ್ಲಿ ಅಪ್ಪಣೆ ಪಡೆದು ತಾವೇ ಚರ್ಚಿನ ಹೆಚ್ಚಿನ ಭಾಗ ಬಿಚ್ಚಿದರು. ದಕ್ಷಿಣದ ಪಕ್ಕದ ಸಾಲೊಂದನ್ನು ಉಳಿಸಿಕೊಂಡು ಅದನ್ನೇ ಚರ್ಚ್ ಮಾಡಿಕೊಂಡರು. ಈಗಲೂ ಅಲ್ಲಿ ಪ್ರಾರ್ಥನೆ ನಡೆಯುತ್ತದೆ. ಸುತ್ತ ಮಾಡಿಲ್ಲದ ದೊಡ್ಡ ಗೋಡೆಗಳು, ಪಶ್ಚಿಮಕ್ಕೆ ರಸಲ್, ಪೌಲ್ ಇಬ್ಬರ ಗೋಪುರ.

ಮುಂದಿನ ಸಲ ಹೋದಾಗ ಒಂದು ಟಾರ್ಚು, ಒಂದು ಟೇಪು ಇಟ್ಟುಕೊಳ್ಳಿ. ಬಾಗಿಲಿಗೆ ಬೀಗ ಇದ್ದರೆ ಕೀ ಯಾರ ಮನೆಯಲ್ಲಿದೆ ಅಂತ ಹೊಸ್ತಿಲ ಬಳಿಯ ಬೋರ್ಡಿನಲ್ಲಿ ಸಾಮಾನ್ಯವಾಗಿ ಬರೆದಿರುತ್ತಾರೆ. ಟಾರ್ಚನ್ನು ಗೋಡೆಗೆ ಎದುರು ಹಿಡಿಯಬೇಡಿ, ಗೋಡೆಗೆ ಒರಗಿಸಿದ ಹಾಗೆ ಪಕ್ಕದಿಂದ ಹಿಡಿಯಿರಿ. ಗೀರುಗಳು ನೆರಳಾಗಿ ಎದ್ದು ಬರುತ್ತವೆ. ಮೆಟ್ಟಿಲಿನ ಮೇಲಿನ ಬಾಯಿಯಿಂದ ಸ್ವಲ್ಪ ಕೆಳಗೆ, ಚಾನ್ಸೆಲ್ ಕಮಾನಿನ ಎರಡೂ ಪಕ್ಕ, ಗಾರೆ ತುಂಬಿದ ಚೌಕದ ತೇಪೆಗಳಿವೆಯಾ ನೋಡಿ. ಅಟ್ಟದ ತೊಲೆ ಕೂತಿದ್ದ ತೂತುಗಳು ಅವು. ಸಿಕ್ಕರೆ ನೆಲದಿಂದ ಎಷ್ಟು ಎತ್ತರ, ಎಷ್ಟು ಅಗಲ ಅಂತ ಅಳೆದು ಕಳಿಸಿ. ನಿಮ್ಮ ಊರಿನ ಅಟ್ಟ ಎಷ್ಟು ದೊಡ್ಡದಿತ್ತು ಅಂತ ಲೆಕ್ಕ ಹಾಕೋಣ.